ಸೀಟು ನಮಗೆ, ಬೀಗದಕೈ ಯಾರಿಗೆ?

ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ಸರ್ಕಾರ ಹಂಚುವ ಸೀಟುಗಳಲ್ಲಿ ನೂರಕ್ಕೆ 8 ಇಲ್ಲಿನ ಮಕ್ಕಳಿಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ತಂದೆತಾಯಿಗಳೇ, ಇನ್ನೇನು ಬೇಕು ನಿಮಗೆ ಎಂದು ಅಧಿಕಾರಸ್ಥರು ಕೇಳಬಹುದು. ಬೇಕಾದುದನ್ನು ಹೇಳೋಣ.

ಮೊದಲು ಹರಪನಹಳ್ಳಿಯ ಕಥೆ ನೆನೆಯಿರಿ. 1997ರಲ್ಲಿ ಆ ತಾಲ್ಲೂಕನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. 371ಜೆ ಬಂದಾಗ ಅದರಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ಪಕ್ಕದ ಹಡಗಲಿಯ ಮಗುವಿಗೆ ಹಕ್ಕು, ಹರಪನಹಳ್ಳಿಯ ಮಗುವಿಗೆ ಬರಿಗೈ! ಮಳೆ ಒಂದೇ, ಬರ ಒಂದೇ, ಬಡತನ ಒಂದೇ. ಬೇರೆಯಾದದ್ದು ನಕ್ಷೆಯ ಗೆರೆ ಮಾತ್ರ. ಜನ ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ.

ಗೆರೆ ಸರಿಹೋಯಿತು. ಬಾಗಿಲು ತೆರೆಯಿತೇ?

ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ವಿಜ್ಞಾನ ವಿಷಯಗಳಲ್ಲಿ ನೂರಕ್ಕೆ 45 ಅಂಕ, ಮೀಸಲು ವರ್ಗದವರಿಗೆ 40. ಮೇಲೆ ಸಿಇಟಿ ಬೇರೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಕೂಡಿಸಿ ರ‍್ಯಾಂಕು. ಹೀಗಿರುವಾಗ ವಿಜ್ಞಾನ ವಿಭಾಗವಿಲ್ಲದ ಊರಿನ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ ದಿನವೇ ಪಂದ್ಯದಿಂದ ಹೊರಗೆ ಬಿದ್ದಳು. ಅವಳ ಪಾಲಿಗೆ ನೂರಕ್ಕೆ 70 ಆದರೇನು, 100 ಆದರೇನು?

ಕಾಗದಗಳ ಕಾಟ ಇನ್ನೊಂದು. 371ಜೆ ಪತ್ರಕ್ಕೆ ಸಹಾಯಕ ಆಯುಕ್ತರ ಸಹಿ. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ಒಂದರಿಂದ ಹತ್ತರವರೆಗೆ ಓದಿದ ದಾಖಲೆ, ಗ್ರಾಮೀಣ ದಾಖಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಗಿರಣಿಯಲ್ಲಿ ಪಾಳಿ ಬಿಟ್ಟು ಬಂದವನಿಗೆ ಒಂದು ಸಹಿಗೆ ಒಂದು ದಿನದ ಕೂಲಿ ಖೋತಾ; ಅಂಗಡಿ ಮುಚ್ಚಿ ಬಂದವನಿಗೆ ಒಂದು ದಿನದ ವ್ಯಾಪಾರ. ಮಗು ಓದಿದ್ದು ಸರ್ಕಾರದ ಶಾಲೆಯಲ್ಲೇ, ದಾಖಲೆ ಇರುವುದು ಸರ್ಕಾರದ ಕಪಾಟಿನಲ್ಲೇ. ಆದರೂ ಓಡಾಡಬೇಕಾದವನು ಬಡವ!

"ಯೋಗ್ಯತೆ ಇದ್ದವರು ಬರಲಿ" ಎನ್ನುವ ಮಹನೀಯರಿಗೆ ಒಂದು ಮಾತು. ಯೋಗ್ಯತೆ ಆಕಾಶದಿಂದ ಉದುರುವುದಿಲ್ಲ. ಪಾಠ ಹೇಳುವ ಉಪನ್ಯಾಸಕ, ಪ್ರಯೋಗಶಾಲೆ, ಸಿಇಟಿ ತರಬೇತಿ ಇವುಗಳಿಂದ ಅದು ಬೆಳೆಯುತ್ತದೆ. ಹಣವಂತ ತನ್ನ ಮಗನಿಗೆ ಇವನ್ನು ಪೇಟೆಯಲ್ಲಿ ಕೊಂಡುಕೊಡುತ್ತಾನೆ. ಬೀಜ, ಗೊಬ್ಬರ ಕೊಡದೆ ಫಸಲಿನ ಅಳತೆಗೆ ಕೊಳಗ ಹಿಡಿದು ನಿಲ್ಲುವುದು ಯಾವ ನ್ಯಾಯ?

ನಮ್ಮ ಬೇಡಿಕೆ ಮೂರು. ಪ್ರತಿ ಹೋಬಳಿಗೂ ಸರ್ಕಾರಿ ಪಿಯು ವಿಜ್ಞಾನ ವಿಭಾಗ, ಖಾಲಿಯಿಲ್ಲದ ಉಪನ್ಯಾಸಕರ ಹುದ್ದೆ. ಸಿಇಟಿ ತರಬೇತಿ ಕಾಲೇಜಿನಲ್ಲೇ, ಬಿಟ್ಟಿಯಾಗಿ. ಎಲ್ಲ ಪ್ರಮಾಣಪತ್ರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೇ ಶಾಲೆಯಲ್ಲಿ ಮಕ್ಕಳ ಕೈಗೆ.

ಹರಪನಹಳ್ಳಿಯ ಜನ ಜಿಲ್ಲೆಯ ಗೆರೆಯನ್ನೇ ತಿದ್ದಿಸಿದರು. ಐದು ತಾಲ್ಲೂಕು ಒಂದಾದರೆ ಈ ಬೀಗ ಯಾವ ಲೆಕ್ಕ? ಬರುವ ಪರೀಕ್ಷೆಯೊಳಗೆ ಊರೂರಿನಲ್ಲಿ ಸಭೆ ಸೇರಿ, ನಿಮ್ಮ ಶಾಸಕರನ್ನು ನಿಲ್ಲಿಸಿ ಕೇಳಿ.