ಚೆನ್ನೈನ ಸುದ್ದಿ ಮುಂಬೈ ಪೊಲೀಸರಿಂದ ಬಂತು

2013ರ ಮೇ 24ರ ರಾತ್ರಿ ಮುಂಬೈ ಪೊಲೀಸರು ಗುರುನಾಥ್ ಮೇಯಪ್ಪನ್ ಅವರನ್ನು ಬೆಟ್ಟಿಂಗ್ ಆರೋಪದ ಮೇಲೆ ಬಂಧಿಸಿದರು. ಅವರು ಆಗಿನ ಬಿಸಿಸಿಐ ಅಧ್ಯಕ್ಷ ಎನ್. ಶ್ರೀನಿವಾಸನ್ ಅವರ ಅಳಿಯ. ಅವರ ನಂಟಿದ್ದ ಐಪಿಎಲ್ ತಂಡ ಚೆನ್ನೈ ಸೂಪರ್ ಕಿಂಗ್ಸ್, ಅದರ ಮಾಲೀಕತ್ವ ಆಗ ಚೆನ್ನೈನ ಇಂಡಿಯಾ ಸಿಮೆಂಟ್ಸ್‌ನದು, ಅಧ್ಯಕ್ಷರ ಮನೆಯೂ ಅದೇ ಊರಲ್ಲಿ. ಇಷ್ಟಾಗಿಯೂ ಆ ದಶಕದ ಅತಿ ದೊಡ್ಡ ಕ್ರೀಡಾ ಸುದ್ದಿ ಹೊರಬಿದ್ದದ್ದು ಪೊಲೀಸರಿಂದ, ಆಮೇಲೆ ಸುಪ್ರೀಂ ಕೋರ್ಟ್‌ನಿಂದ. ಚೆನ್ನೈನ ಯಾವ ಪತ್ರಿಕೆಯ ಕ್ರೀಡಾ ವಿಭಾಗವೂ ಅದನ್ನು ಮೊದಲು ಬಗೆದು ತರಲಿಲ್ಲ.

ಪ್ರತಿಭೆ ಇರಲಿಲ್ಲವೇ? ಆ ಊರಿಗೆ ಆ ಮಾತು ಒಪ್ಪುವುದೇ ಇಲ್ಲ. ‘ದಿ ಹಿಂದೂ’ ಪತ್ರಿಕೆಯ ಎಸ್.ಕೆ. ಗುರುನಾಥನ್ 1946–47ರಲ್ಲೇ ‘ಇಂಡಿಯನ್ ಕ್ರಿಕೆಟ್’ ವಾರ್ಷಿಕ ಶುರುಮಾಡಿದವರು. 1947ರಲ್ಲಿ ‘ಸ್ಪೋರ್ಟ್ ಅಂಡ್ ಪಾಸ್ಟೈಮ್’, 1978ರಲ್ಲಿ ‘ಸ್ಪೋರ್ಟ್‌ಸ್ಟಾರ್’ ಅಲ್ಲಿಂದಲೇ ಬಂದವು. ಎದುರಿಗೆ ‘ಮೇಲ್’ ಇತ್ತು, ‘ಇಂಡಿಯನ್ ಎಕ್ಸ್‌ಪ್ರೆಸ್’ ಇತ್ತು. ದೇಶದ ಮೊದಲ ಅಂತಾರಾಷ್ಟ್ರೀಯ ಚೆಸ್ ಮಾಸ್ಟರ್ ಮ್ಯಾನುಯೆಲ್ ಆರನ್ ಅವರೇ ಪತ್ರಿಕೆಗೆ ಚೆಸ್ ಅಂಕಣ ಬರೆಯುತ್ತಿದ್ದ ಊರು ಅದು.

1975ರ ಜನವರಿಯ ಚೆಪಾಕ್ ಟೆಸ್ಟ್ ನೋಡಿ. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತರು, ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ಭದ್ರಾವತಿಯ ನಮ್ಮ ಜಿ.ಆರ್. ವಿಶ್ವನಾಥ್ ಅವರದು ಔಟಾಗದೆ 97. ಮದ್ರಾಸಿಗೆ ದೂರದರ್ಶನ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಶತಕವೂ ಆಗದ ಆ ಇನಿಂಗ್ಸ್ ಎಷ್ಟೋ ದ್ವಿಶತಕಗಳಿಗಿಂತ ಮೇಲೆ ಇಂದಿಗೂ ನಿಂತಿದ್ದರೆ, ವಿಶಿಯ ಮಣಿಕಟ್ಟಿನ ಜೊತೆಗೆ ಅದನ್ನು ಕಣ್ಣಾರೆ ಕಂಡು ಬರೆದವರ, ರೇಡಿಯೊದಲ್ಲಿ ಹೇಳಿದವರ ಋಣವೂ ಇದೆ. ಪ್ರೆಸ್‌ಬಾಕ್ಸ್‌ನಲ್ಲಿ ಅಕ್ಕಪಕ್ಕ ಕೂತವರು ಮರುದಿನ ಬೆಳಗ್ಗೆ ಒಬ್ಬರನ್ನೊಬ್ಬರು ಮೀರಿಸಬೇಕಿದ್ದದ್ದು ಬರವಣಿಗೆಯಲ್ಲೇ.

ಆ ಪೈಪೋಟಿ ಎಲ್ಲಿಗೆ ಬಂತು ನೋಡಿ. 2008ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಚೆನ್ನೈಗೆ ಕಾಲಿಟ್ಟಿತು. ಹಳೆಯ ಪತ್ರಿಕೆ ಓದಿದರೆ ನಿದ್ದೆ ಬರುತ್ತದೆ ಎಂದು ಜಾಹೀರಾತು ಮಾಡಿತು. ‘ಹಿಂದೂ’ 2012ರಲ್ಲಿ ಜಾಹೀರಾತಿನಲ್ಲೇ ತಿರುಗೇಟು ಕೊಟ್ಟಿತು. ಊರೆಲ್ಲ ಅದನ್ನೇ ಮಾತಾಡಿತು. ಅದೇ ವರ್ಷಗಳಲ್ಲಿ ಇನ್ನೊಂದು ಕಡತ ಮದ್ರಾಸ್ ಹೈಕೋರ್ಟ್‌ನಿಂದ ಸುಪ್ರೀಂ ಕೋರ್ಟ್‌ಗೆ ಸಾಗುತ್ತಿತ್ತು. ಮಂಡಳಿಯ ಪದಾಧಿಕಾರಿಗಳೂ ಐಪಿಎಲ್ ತಂಡ ಹೊಂದಬಹುದೆಂದು 2008ರಲ್ಲಿ ನಿಯಮ ತಿದ್ದಿದ್ದರು. ಮಾಜಿ ಅಧ್ಯಕ್ಷ ಎ.ಸಿ. ಮುತ್ತಯ್ಯ ಅದನ್ನು ಪ್ರಶ್ನಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿದ್ದುಪಡಿ ರದ್ದಾದದ್ದು 2015ರ ಜನವರಿಯಲ್ಲಿ. ಪೊಲೀಸರಂತೆ ಫೋನ್ ಕದ್ದಾಲಿಸುವುದು ವರದಿಗಾರರ ಕೆಲಸವಲ್ಲ, ಒಪ್ಪಿದೆ. ಆದರೆ ಈ ಕಡತದಲ್ಲಿ ಕದ್ದು ಕೇಳುವಂಥದ್ದು ಏನಿತ್ತು? ಎಲ್ಲವೂ ಬಯಲಲ್ಲೇ ಇತ್ತು. ದಿನದಿನವೂ ಬೆನ್ನುಹತ್ತಬೇಕಿದ್ದ ಕ್ರೀಡಾಪುಟಗಳು ಅದನ್ನು ಕೋರ್ಟ್ ವರದಿಗಾರರಿಗೆ ಬಿಟ್ಟವು.

ಏಕೆ ಬಿಟ್ಟವು ಎಂಬುದೇ ಇಲ್ಲಿನ ತಿರುಳು. ಪ್ರೆಸ್‌ಬಾಕ್ಸ್‌ನ ಪಾಸ್, ಅಭ್ಯಾಸ ನೋಡಲು ಅನುಮತಿ, ಆಟಗಾರನ ಸಂದರ್ಶನ ಎಲ್ಲವೂ ಮಂಡಳಿ ಮತ್ತು ಫ್ರಾಂಚೈಸಿಗಳ ಕೈಯಲ್ಲಿವೆ. ಕಟುವಾದ ಪ್ರಶ್ನೆ ಕೇಳಿದವರಿಗೆ ಸಂದರ್ಶನ ತಪ್ಪುತ್ತದೆ, ಅದು ಎದುರಾಳಿ ಪತ್ರಿಕೆಗೆ ಸಿಗುತ್ತದೆ. ಪೈಪೋಟಿ ಹೆಚ್ಚಿದಷ್ಟೂ ಎಲ್ಲರ ದನಿ ಮೆತ್ತಗಾಗುತ್ತದೆ. ಪ್ರತಿಭಾವಂತರನ್ನು ಪ್ರತಿಭಾವಂತರಿಂದಲೇ ಹೆದರಿಸುವ ವ್ಯವಸ್ಥೆ ಇದು, ಇದನ್ನು ಸಹಿಸಬಾರದು.

ಸಹಿಸದೆ ಇರಲೂ ಸಾಧ್ಯ. 2012ರಲ್ಲಿ ಇಂಗ್ಲೆಂಡ್ ತಂಡದ ಭಾರತ ಪ್ರವಾಸಕ್ಕೆ ಗೆಟ್ಟಿಯಂಥ ಫೋಟೊ ಸಂಸ್ಥೆಗೆ ಬಿಸಿಸಿಐ ಪ್ರವೇಶ ನಿರಾಕರಿಸಿದಾಗ ರಾಯಿಟರ್ಸ್, ಎಪಿ, ಎಎಫ್‌ಪಿ ಮೂರೂ ವರದಿಗಾರಿಕೆ ನಿಲ್ಲಿಸಿದವು. ಸುದ್ದಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಸಂಸ್ಥೆಗಳೇ ಅವು. ಹೊಸ ಸಂಗತಿ ಹೆಕ್ಕುವುದರಲ್ಲಿ ಸ್ಪರ್ಧಿಸಲಿ, ಬಾಗಿಲು ಮುಚ್ಚಿದಾಗ ಒಟ್ಟಿಗೆ ನಿಲ್ಲಲಿ. ನಮ್ಮ ಕ್ರೀಡಾ ವಿಭಾಗಗಳು ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಿವೆ.

ಭಾಷಾ ಪತ್ರಿಕೆಗಳ ಪಾಡು ಇನ್ನೂ ಕಷ್ಟ. ತಮಿಳಿನ ‘ದಿನತಂತಿ’ಯಾಗಲಿ ಕನ್ನಡದ ದೊಡ್ಡ ದಿನಪತ್ರಿಕೆಗಳಾಗಲಿ ತಲುಪುವ ಮನೆಗಳು ಇಂಗ್ಲಿಷಿನವು ಮುಟ್ಟದ ಮನೆಗಳು. ಆದರೂ ಕ್ರೀಡಾ ವಿಭಾಗಕ್ಕೆ ಸೇರಿದ ಹುರುಪಿನ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಏಜೆನ್ಸಿ ಸುದ್ದಿಯನ್ನು ಅನುವಾದಿಸುತ್ತಾ ಸವೆಯುತ್ತಾರೆ. ಪ್ರವಾಸಕ್ಕೆ ಹಣವಿಲ್ಲ ಎನ್ನುತ್ತದೆ ಆಡಳಿತ. ಹಾಗಾದರೆ ಚೆಪಾಕ್‌ವರೆಗಿನ ರೈಲು ಟಿಕೆಟ್‌ಗೂ ಇಲ್ಲವೇ? ಡಿವಿಷನ್ ಲೀಗ್ ಪಂದ್ಯಗಳನ್ನು ಬೌಂಡರಿ ಗೆರೆಯ ಬಳಿ ಕೂತು ನೋಡಲು ಯಾವ ವಿಮಾನವೂ ಬೇಡ. ಸ್ಕೋರು ಈಗ ಮೊಬೈಲ್‌ನಲ್ಲೇ ಸಿಗುತ್ತದೆ ಎಂಬ ನೆಪ ನನಗೆ ಒಪ್ಪಿಗೆಯಿಲ್ಲ. ಸ್ಕೋರು ಸಿಗುತ್ತದೆ ಎಂದೇ ಪತ್ರಿಕೆ ಬೇರೆಯದನ್ನು ಕೊಡಬೇಕು.

ಆ ಬೇರೆಯದು ಏನು? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಗೇಟುಗಳನ್ನು ವರ್ಷಗಟ್ಟಲೆ ದಾಟಿದವರು ಬೆಂಗಳೂರಿನ ಕ್ರೀಡಾ ವರದಿಗಾರರು. ಯಾವ ಗೇಟಿನಲ್ಲಿ ನೂಕುನುಗ್ಗಲು, ಟಿಕೆಟ್ ವ್ಯವಸ್ಥೆ ಯಾರ ಹೊಣೆ, ಸಂಸ್ಥೆಗೂ ಫ್ರಾಂಚೈಸಿಗೂ ಇರುವ ಒಪ್ಪಂದವೇನು ಎಂದು ಪಂದ್ಯವಿಲ್ಲದ ದಿನಗಳಲ್ಲಿ ಬರೆಯಲು ಅವರಿಗೆ ಸಮಯವನ್ನೂ ಜಾಗವನ್ನೂ ಕೊಡಬೇಕಿದ್ದದ್ದು ಸಂಪಾದಕರು. ಈಗಲಾದರೂ ಪ್ರತಿ ಕನ್ನಡ ಪತ್ರಿಕೆಯ ಕ್ರೀಡಾ ವಿಭಾಗಕ್ಕೆ, ರಾಜ್ಯ ಕ್ರಿಕೆಟ್ ಸಂಸ್ಥೆಯ ಲೆಕ್ಕಪತ್ರ ಓದಬಲ್ಲ, ಆಟಗಾರರ ಸಂದರ್ಶನದ ಹಂಗಿಲ್ಲದ ಒಬ್ಬ ವರದಿಗಾರರನ್ನು ಕೊಡಲಿ.