ಪ್ಯಾಕೆಟ್ ತಿರುಗಿಸಿ ನೋಡ್ರಪ್ಪ (ಭಾಗ 7)

ಮೊದಲನೇ ಫೋಟೋದಲ್ಲಿರೋ ಬಿಸ್ಕೆಟ್ ಪ್ಯಾಕೆಟ್ ನೋಡಿದ್ರಲ್ಲ? ಕಂದು ಕಾಗದ, ಮೇಲೆ ರಾಗಿ ತೆನೆ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ 'ಸಕ್ಕರೆ ಹಾಕಿಲ್ಲ'. ರಾಮನಗರದಲ್ಲಿ ಮಾಗಡಿ ಬಸ್ಸಿಗೆ ಕಾಯ್ತಾ ಒಂದು ಸಿರಿಧಾನ್ಯದ ಅಂಗಡಿಗೆ ಹೋಗಿ ತಗೊಂಡಿದ್ದು. 200 ಗ್ರಾಂ, 120 ರೂಪಾಯಿ. (ಜಿಲ್ಲೆ ಹೆಸರು ಈಗ ಬೆಂಗಳೂರು ದಕ್ಷಿಣ ಅಂತಾರೆ. ನಮ್ ಬಾಯಿಗೆ ಇನ್ನೂ ರಾಮನಗರನೇ ಬರೋದು.)

ತಗೊಂಡಿದ್ದು ಅಜ್ಜಿಗೆ. ಅಜ್ಜಿಗೆ ಶುಗರ್ ಇದೆ, ಟೀ ಜೊತೆ ಬಿಸ್ಕೆಟ್ ಅಂದ್ರೆ ಪ್ರಾಣ. "ರಾಗೀದು ತಾನೆ ಮಗ, ಏನಾಗಲ್ಲ" ಅಂತ ದಿನಕ್ಕೆ ನಾಲ್ಕು ತಿಂದ್ರು. ಖಾಲಿ ಆದಾಗೆಲ್ಲ ನಾನೇ ತಂದ್ಕೊಟ್ಟೆ. ಮುಂದಿನ ಚೆಕಪ್‌ನಲ್ಲಿ ಶುಗರ್ ಏರಿತ್ತು. ಬಿಸ್ಕೆಟ್ ಒಂದರಿಂದಲೇ ಅಂತ ನಾನು ಹೇಳಲಾರೆ, ಅದೇ ತಿಂಗಳು ಮನೇಲಿ ಹಬ್ಬಾನೂ ಇತ್ತು. ಆದ್ರೆ ಡಾಕ್ಟರು "ಹೊಸದಾಗಿ ಏನ್ ತಿಂತಿದ್ದೀರಾ" ಅಂತ ಕೇಳ್ದಾಗ ಅಜ್ಜಿ ನನ್ನ ಮುಖ ನೋಡಿದ್ರು.

ಆವತ್ತೇ ನಾನು ಮೊದಲ ಸಲ ಪ್ಯಾಕೆಟ್ ತಿರುಗಿಸಿ ಓದಿದ್ದು. ಎರಡನೇ ಫೋಟೋ ಜೂಮ್ ಮಾಡಿ. ಗೋಧಿ ಹಿಟ್ಟು, ಬೆಲ್ಲ, ಪಾಮ್ ಎಣ್ಣೆ, ಆಮೇಲೆ ರಾಗಿ ಹಿಟ್ಟು 18%. ಪ್ಯಾಕೆಟ್ ಹಿಂದೆ ಪದಾರ್ಥಗಳನ್ನ ತೂಕದ ಪ್ರಕಾರ, ಜಾಸ್ತಿ ಇರೋದನ್ನ ಮೊದಲು ಬರೀಬೇಕು ಅನ್ನೋದು ಎಫ್‌ಎಸ್‌ಎಸ್‌ಎಐ ನಿಯಮ. ಅಂದ್ರೆ ಇದು ರಾಗಿ ಬಿಸ್ಕೆಟ್ ಅಲ್ಲ, ರಾಗಿ ಸೋಕಿಸಿದ ಗೋಧಿ ಬಿಸ್ಕೆಟ್. 'ಸಕ್ಕರೆ ಹಾಕಿಲ್ಲ' ಅಂತ ಬರೆದು ಬೆಲ್ಲ ಹಾಕಿದ್ದಾರೆ. ಬೆಲ್ಲದಲ್ಲೂ ಬಹುಪಾಲು ಇರೋದು ಸಕ್ಕರೆಯೇ, ರಕ್ತಕ್ಕೆ ಹೋದ್ಮೇಲೆ ಅದಕ್ಕೆ ಬೇರೆ ಮರ್ಯಾದೆ ಏನೂ ಸಿಗಲ್ಲ.

ಇನ್ನೊಂದು ವಿಷ್ಯ, ನಮ್ಮೂರೋರಿಗೆ ಕೋಪ ಬಂದ್ರೂ ಹೇಳ್ತೀನಿ. ರಾಗೀಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ನಾರೂ ಇದೆ. ಆದ್ರೆ ಅದೇ 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ ಸುಮಾರು 70 ಗ್ರಾಂ. ಶುಗರ್ ಇರೋರು ರಾಗಿ ಎಷ್ಟು ಬೇಕಾದ್ರೂ ತಿನ್ಬಹುದು ಅನ್ನೋದು ಅಂಗಡಿಯೋರೂ ಹೇಳಬಾರದ ಮಾತು, ನಾವೂ ಹೇಳಬಾರದ ಮಾತು.

ಈಗ ಬಿಕಾಂ ಹುಡುಗನ ಲೆಕ್ಕ. 200 ಗ್ರಾಂನಲ್ಲಿ 18% ಅಂದ್ರೆ 36 ಗ್ರಾಂ ರಾಗಿ. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ 120 ರೂಪಾಯಿ ಪ್ಯಾಕೆಟ್‌ನಲ್ಲಿರೋ ರಾಗಿ ಬೆಲೆ 1 ರೂಪಾಯಿ 76 ಪೈಸೆ! ಉಳಿದದ್ದೆಲ್ಲ ಲಾಭ ಅಂತ ಹೇಳ್ತಿಲ್ಲ. ಬೇರೆ ಪದಾರ್ಥ, ಬಾಡಿಗೆ, ಕರೆಂಟು, ಸಾಗಾಣಿಕೆ, ಮಾರಾಟ ಆಗದೆ ಉಳಿದ ಮಾಲು, ಎಲ್ಲ ಇದೆ, ಕಾಸ್ಟಿಂಗ್ ಓದಿರೋರಿಗೆ ಗೊತ್ತು. ಆದ್ರೆ ನಮ್ಮಪ್ಪನಿಗೆ ಆ 1.76 ಕೂಡ ಸಿಕ್ಕಿಲ್ಲ. ಕೊಯ್ಲು ಮುಗಿದು ಕಣ ಆದ ತಕ್ಷಣ ಕೈಯಲ್ಲಿ ದುಡ್ಡಿರಲಿಲ್ಲ, ನನ್ನ ಫೀಸ್ ಕಟ್ಟಬೇಕಿತ್ತು. ಖರೀದಿ ಕೇಂದ್ರ ಶುರುವಾಗೋ ತನಕ ಕಾಯೋಕಾಗದೆ ಮನೆ ಮುಂದೆ ಬಂದ ವ್ಯಾಪಾರಿಗೆ 3,700ಕ್ಕೆ ಕೊಟ್ರು. ಹಿಂದೆ ಹಗೇವಿನಲ್ಲಿ ರಾಗಿ ತುಂಬಿಟ್ರೆ ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ ಅಂತಾರೆ ಅಜ್ಜಿ. ರಾಗಿ ಕಾಯುತ್ತೆ, ಫೀಸ್ ಕಾಯಲ್ಲ.

ಹಾಗಂತ ಆ ಅಂಗಡಿಗೆ ಹೋಗಬೇಡಿ ಅಂತ ನಾನು ಬರೀತಿಲ್ಲ. ನಾನು ಈಗ್ಲೂ ಹೋಗ್ತೀನಿ. ಸಾಮೆ, ನವಣೆ, ಹಾರಕ ನಮ್ಮ ಕಡೆ ಹೊಲದಲ್ಲಿ ಹುಡುಕಿದ್ರೂ ಕಾಣೋದು ಕಷ್ಟ, ಆ ಅಂಗಡಿ ಮೂಲೆ ಡಬ್ಬಗಳಲ್ಲಿ ಇವೆ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕ್ತಿದ್ದ ಹುಚ್ಚೆಳ್ಳೂ ಇದೆ. ಚಟ್ನಿಪುಡಿಗೆ ನಮ್ಮಮ್ಮ ಅಲ್ಲಿಂದಲೇ ತರಿಸ್ಕೊತಾರೆ. ಆ ಕಾಳುಗಳ ಚೀಲದ ಹಿಂದೆ ಓದೋಕೆ ಏನೂ ಇರಲ್ಲ, ಅದೇ ಅದರ ಸುಖ. ಕಾಳು ತಗೊಳ್ಳಿ, ಮಿಲ್‌ಗೆ ಹಾಕ್ಸಿ.

ಮಾಲ್ಟು, ಮಿಕ್ಸು ತಗೊಳ್ಳೋರಿಗೆ ಒಂದು ಅಳತೆ ಕೊಡ್ತೀನಿ. 2023ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಿರಿಧಾನ್ಯ ಹಿಟ್ಟಿನ ಪುಡಿಗಳಿಗೆ ತೆರಿಗೆ ಇಳಿಸ್ದಾಗ ಹಾಕಿದ ಷರತ್ತು: ತೂಕದಲ್ಲಿ ಕನಿಷ್ಠ 70% ಸಿರಿಧಾನ್ಯ ಇರಬೇಕು. ಬಿಸ್ಕೆಟ್ಟಿಗೆ ಆ ನಿಯಮ ಅಲ್ಲ, ಗೊತ್ತು. ಆದ್ರೂ 70 ಎಲ್ಲಿ, 18 ಎಲ್ಲಿ?

ಕೊನೇ ಫೋಟೋ ಅಜ್ಜೀದು. ಈಗ ಟೀಗೆ ಸಕ್ಕರೆ ಇಲ್ಲ, ಜೊತೆಗೆ ಒಂದ್ ಹಿಡಿ ಹುರಿಗಡಲೆ. ಮುಖ ನೋಡಿದ್ರೇ ಗೊತ್ತಾಗುತ್ತೆ, ನನ್ನ ಇನ್ನೂ ಕ್ಷಮಿಸಿಲ್ಲ. ಚನ್ನಪಟ್ಟಣ, ಕನಕಪುರದೋರು ನಿಮ್ಮನೇಲಿರೋ 'ಹೆಲ್ತಿ' ಪ್ಯಾಕೆಟ್ಟಿನ ಹಿಂಬದಿ ಫೋಟೋ ಕಳ್ಸಿ. ಮುಂಬದಿ ಬೇಡ, ಅದು ಎಲ್ರದ್ದೂ ಒಂದೇ ಥರ ಇರುತ್ತೆ.