ದೀಪ ಹಚ್ಚುವ ಮೊದಲು

ಕರೆಂಟಿನ ದರ ಗೊತ್ತು ಮಾಡುವವರ ಸಭೆಯನ್ನೂ ನಾವು ಎಣ್ಣೆ ದೀಪ ಹಚ್ಚಿಯೇ ಉದ್ಘಾಟಿಸುತ್ತೇವೆ. ತಪ್ಪೇನಿಲ್ಲ, ನಮ್ಮ ಪದ್ಧತಿ ಅದು. ಆದರೂ ಬತ್ತಿ ಹೊತ್ತಿಕೊಳ್ಳುವ ತನಕ ಫ್ಯಾನ್ ಆರಿಸಿ ಎಂದು ಸಂಘಟಕರು ಪಿಸುಗುಡುವಾಗ ಹಿಂದಿನ ಸಾಲಿನಲ್ಲಿ ಕೂತವನಿಗೆ ನಗು ತಡೆಯುವುದು ಕಷ್ಟ.

ದಕ್ಷಿಣದ ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗದವರು ಒಂದೆಡೆ ಸೇರುವ ಸಭೆಯೊಂದಕ್ಕೆ ಒಂದು ಪುಟದ ಸ್ವಾಗತ ಭಾಷಣ ಬರೆದುಕೊಡಿ ಎಂದು ಪರಿಚಯದ ಅಧಿಕಾರಿಯೊಬ್ಬರು ಕೇಳಿದ್ದರು. ಬರೆದುಕೊಟ್ಟೆ. ಓದಿ ನೋಡಿ, ‘ಸಾರ್, ಇದರಲ್ಲಿ ಸ್ವಾಗತ ಎಲ್ಲಿದೆ?’ ಎಂದರು. ಕೊನೆಗೆ ಯಾವುದೋ ಹಳೆಯ ಭಾಷಣಕ್ಕೆ ಹೊಸ ತಾರೀಖು ಹಾಕಿಕೊಂಡು ಓದಿದರಂತೆ. ನನ್ನದು ಮಿಕ್ಕಿತು. ಮಿಕ್ಕಿದ್ದನ್ನು ಅಂಕಣಕ್ಕೆ ಬಡಿಸುವುದು ನಮ್ಮಂಥವರ ಹಳೇ ಚಾಳಿ.

ಆ ಪುಟದ ಮೊದಲ ಸಾಲು ಹೀಗಿತ್ತು: ‘ಮಾನ್ಯರೇ, ಈ ಸಭೆಯ ಆತಿಥೇಯ ಸರ್ಕಾರವಲ್ಲ, ಕಂಪನಿಗಳೂ ಅಲ್ಲ, ನಾನು.’ ಅಹಂಕಾರದ ಮಾತಲ್ಲ ಇದು, ಲೆಕ್ಕದ ಮಾತು. ವಿದ್ಯುತ್ ಕಂಪನಿಗಳು ಆಯೋಗಕ್ಕೆ ಕಟ್ಟುವ ಶುಲ್ಕ ಅವುಗಳ ಖರ್ಚಿನ ಪಟ್ಟಿಗೆ ಸೇರುತ್ತದೆ. ಆ ಖರ್ಚು ಸುತ್ತಿ ಬಳಸಿ ಬಂದು ನಿಲ್ಲುವುದು ಬಳಕೆದಾರನ ಬಿಲ್ಲಿನಲ್ಲಿ. ಹೂಗುಚ್ಛದ ಯಜಮಾನನಿಗೆ ನಾಲ್ಕು ಮಾತಾಡುವ ಹಕ್ಕಿರಬೇಕಲ್ಲ.

ನಮ್ಮ ಬೀದಿಯಲ್ಲಿ ಇವತ್ತಿಗೂ ಕರೆಂಟು ಹೋದರೆ ‘ಕೆಇಬಿಗೆ ಫೋನ್ ಮಾಡಿ’ ಅನ್ನುತ್ತಾರೆ. 1957ರಲ್ಲಿ ಹುಟ್ಟಿದ ಕೆಇಬಿ 1999ರಲ್ಲೇ ಕಣ್ಮುಚ್ಚಿತು. ಅದರ ಜಾಗದಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣೆಯ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಹಂಚಿಹೋಯಿತು, ಆಮೇಲೆ ಮೈಸೂರಿನ ಚಾಮುಂಡೇಶ್ವರಿ ಕಂಪನಿ ಸೇರಿತು. ಇಷ್ಟೆಲ್ಲ ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೆಇಬಿಯೇ. ಅದೇ 1999ರಲ್ಲಿ ಇನ್ನೊಂದು ಸಂಸ್ಥೆಯೂ ಹುಟ್ಟಿತ್ತು: ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಇದಕ್ಕೆ ಜನ ಅಡ್ಡಹೆಸರನ್ನೂ ಇಟ್ಟಿಲ್ಲ. ಇದೆ ಎಂದು ಗೊತ್ತಿದ್ದರೆ ತಾನೇ ಇಡುವುದು?

ಒಡಿಶಾ 1996ರಲ್ಲಿ ಮೊದಲು ಇಂಥ ಆಯೋಗ ಮಾಡಿತು. ದರ ನಿರ್ಧಾರವನ್ನು ಮಂತ್ರಿಗಳ ಕೊಠಡಿಯಿಂದ ಹೊರಗೆ ತಂದು, ಕಂಪನಿಯ ಲೆಕ್ಕ ಮೇಜಿನ ಮೇಲಿಟ್ಟು, ಯಾರು ಬೇಕಾದರೂ ಎದ್ದು ನಿಂತು ‘ಇದು ಸರಿಯಿಲ್ಲ’ ಎನ್ನಬಹುದು ಅನ್ನುವುದು ಇದರ ಹಿಂದಿನ ಆಲೋಚನೆ. ಕೇಳಲು ಸಣ್ಣದು. ಆದರೆ ಹೀಗೆ ಎದ್ದು ನಿಲ್ಲಲು ಜಾಗವೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಕನ್ನಡನಾಡು ನೋಡಿದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆ ತೋಡಿದ್ದೇವೆ, ನಿಮ್ಮ ಜಮೀನಿನ ಬೆಲೆ ಏರಿತು, ಅಭಿವೃದ್ಧಿ ಕರ ಕಟ್ಟಿ ಎಂದಿತು ಸರ್ಕಾರ. ನೀರೇ ಸರಿಯಾಗಿ ಬರಲಿಲ್ಲ, ಕರ ಯಾವುದಕ್ಕೆ ಎಂದರು ರೈತರು. ಆ ಪ್ರಶ್ನೆಯನ್ನು ತೆಗೆದುಕೊಂಡು ಹೋಗಲು ಅವರಿಗೆ ಒಂದು ಮೇಜು, ಒಂದು ಕುರ್ಚಿ, ಕೇಳುವ ಒಬ್ಬ ಮನುಷ್ಯ ಇರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು. ಪ್ರಾಣಗಳು ಹೋದವು. ರೈತ ಸಂಘ ಬೆಳೆದದ್ದು ಆ ನೆತ್ತರಿನ ನೆಲದಿಂದ.

ಆಯೋಗ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದೂ ಹೇಳುವ ಹಾಗಿಲ್ಲ. ಪಕ್ಕದ ಆಂಧ್ರದಲ್ಲಿ ಹೊಸ ಆಯೋಗದ ಮೊದಲ ದರ ಆದೇಶ ಬಂದ ವರ್ಷವೇ, 2000ದ ಆಗಸ್ಟ್ 28ರಂದು, ಹೈದರಾಬಾದಿನ ಬಷೀರ್‌ಬಾಗ್‌ನಲ್ಲಿ ದರ ಏರಿಕೆ ವಿರೋಧಿಸಿದವರ ಮೇಲೆ ಗೋಲಿಬಾರ್ ಆಗಿ ಮೂವರು ಸತ್ತರು. ಕೇಳುವ ಮೇಜು ಹಾಕುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಹೈದರಾಬಾದಿನಿಂದ ಬರುವ ಅತಿಥಿಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ವಿಚಾರಣೆಗೆ ಹೋಗಿದ್ದೆ. ಯಾವ ಊರು ಎಂಬುದು ಮುಖ್ಯವಲ್ಲ, ಇಂಥ ವಿಚಾರಣೆಗಳೆಲ್ಲ ಒಂದೇ ಅಚ್ಚಿನವು. ವೇದಿಕೆಯ ಮೇಲೆ ಆಯೋಗ. ಎಡಗಡೆ ಕಂಪನಿಯ ಎಂಜಿನಿಯರುಗಳು, ಲ್ಯಾಪ್‌ಟಾಪು, ಕಟ್ಟು ಕಟ್ಟು ಫೈಲು. ಬಲಗಡೆ ಉದ್ಯಮಿಗಳ ಸಂಘದ ಪರ ವಕೀಲರು, ಇಬ್ಬರು ನಿವೃತ್ತ ಎಂಜಿನಿಯರುಗಳು, ಹಸಿರು ಶಾಲು ಹೊದ್ದ ಏಳೆಂಟು ರೈತರು. ಹಿಂದಿನ ಕುರ್ಚಿಗಳೆಲ್ಲ ಖಾಲಿ. ಉದ್ಯಮಿಗಳ ವಕೀಲರು ‘ಸರಾಸರಿ ಪೂರೈಕೆ ವೆಚ್ಚ’, ‘ಕ್ರಾಸ್ ಸಬ್ಸಿಡಿ’ ಎಂದು ಅರ್ಧ ಗಂಟೆ ವಾದಿಸಿದರು. ಆಮೇಲೆ ಒಬ್ಬ ಹಿರಿಯರು ಎದ್ದರು. ‘ಸ್ವಾಮಿ, ಪೈಸೆ ಲೆಕ್ಕ ನೀವೇ ನೋಡ್ಕಳಿ. ನಮ್ಮೂರ ಟಿಸಿ ಸುಟ್ಟು ಹನ್ನೊಂದು ದಿನ ಆಯ್ತು. ಬೆಳೆ ಒಣಗ್ತಾ ಐತೆ. ಅದನ್ನ ಯಾರ ತಾವ ಹೇಳನ?’ ಅಂದರು. ಟಿಸಿ ಅಂದರೆ ಊರಿನ ಟ್ರಾನ್ಸ್‌ಫಾರ್ಮರ್. ಸಭೆಯಲ್ಲಿ ಸಣ್ಣ ನಗು ಹರಿಯಿತು. ಇದು ದರದ ವಿಚಾರಣೆ, ದೂರಿಗೆ ಬೇರೆ ವೇದಿಕೆ ಇದೆ ಎಂದು ಯಾರೋ ಮೆಲ್ಲಗೆ ತಿಳಿಸಿದರು. ಅವರು ತಲೆಯಾಡಿಸಿ ಕೂತರು.

ನನಗೆ ಈಗಲೂ ಅನಿಸುವುದು, ಅವತ್ತು ದರದ ಬಗ್ಗೆ ಸರಿಯಾಗಿ ಮಾತಾಡಿದವರು ಅವರೊಬ್ಬರೇ. ಕೊಡುವ ಸರಕು ಎಂಥದ್ದು ಎಂದು ನೋಡದೆ ಬೆಲೆ ಗೊತ್ತು ಮಾಡುವ ವ್ಯಾಪಾರ ಸಂತೆಯಲ್ಲೂ ಇಲ್ಲ.

ಲೆಕ್ಕವಾದರೂ ಎಂಥದು? ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಉಚಿತವಾದ್ದರಿಂದ ಮೀಟರಿನ ಗೊಡವೆ ಇಲ್ಲ. ಮೀಟರಿಲ್ಲದ ಮೇಲೆ ರೈತ ಬಳಸಿದ್ದೆಷ್ಟು ಎನ್ನುವುದು ಅಂದಾಜು. ತಂತಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಕದ್ದದ್ದು, ಬಿಲ್ ಬರೆಯುವಾಗ ತಪ್ಪಿದ್ದು, ಎಲ್ಲವನ್ನೂ ಈ ಅಂದಾಜಿನ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಯಾರಿಗೆ ಗೊತ್ತಾಗುತ್ತದೆ? ಚೀಲದ ಮೇಲೆ ‘ರೈತರಿಗೆ’ ಎಂದು ಬರೆದಿರುತ್ತದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತೆಂದು ಹಾವು ಚೇಳು ಲೆಕ್ಕಿಸದೆ ಗದ್ದೆಗೆ ಓಡುವವನು ಮಾತ್ರ ಊರಿನ ಕಣ್ಣಿಗೆ ಪುಕ್ಕಟೆ ಕರೆಂಟಿನ ಶೋಕಿವಾಲಾ. ಟಿಸಿಗಳಿಗಾದರೂ ಮೀಟರ್ ಹಾಕಿ ಎಂದು ಆಯೋಗ ತನ್ನ ಆದೇಶಗಳಲ್ಲಿ ಮತ್ತೆ ಮತ್ತೆ ಹೇಳುತ್ತ ಬಂದಿದೆ. ಹಳ್ಳಿಮನೆಗಳ ಲೈನು ಬೇರೆ, ಪಂಪ್‌ಸೆಟ್ ಲೈನು ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆಯೂ ಬಂತು. ಚೀಲದ ಬಾಯಿ ಇನ್ನೂ ಪೂರ್ತಿ ಬಿಚ್ಚಿಲ್ಲ.

ಉಚಿತ ಕೊಡುವುದು ಸರ್ಕಾರದ ಇಷ್ಟ, ಅದನ್ನು ನಾನು ಟೀಕಿಸುವವನಲ್ಲ. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಕೂಡ ಬೇಡ ಅನ್ನುವುದಿಲ್ಲ. ಸಬ್ಸಿಡಿ ಕೊಡುವುದಾದರೆ ದುಡ್ಡು ಮುಂಗಡ ಕಟ್ಟಬೇಕು, ಕಟ್ಟದಿದ್ದರೆ ಆಯೋಗ ಹೇಳಿದ ಪೂರ್ತಿ ದರವೇ ಜಾರಿ ಎನ್ನುತ್ತದೆ, ಅಷ್ಟೇ. ಇಷ್ಟು ಖಡಕ್ಕಾದ ಕಲಂ ಇದ್ದೂ, ‘ದುಡ್ಡು ಬಂದಿಲ್ಲ, ಇವತ್ತಿನಿಂದ ಪೂರ್ತಿ ದರ’ ಎಂದು ಯಾವ ಆಯೋಗ ಸರ್ಕಾರದ ಮುಖಕ್ಕೆ ಹೇಳೀತು? ಆಯುಕ್ತರ ಆಯ್ಕೆ ಸಮಿತಿಗೆ ನಿವೃತ್ತ ನ್ಯಾಯಮೂರ್ತಿಗಳು ಅಧ್ಯಕ್ಷರು ನಿಜ, ನೇಮಕದ ಆದೇಶಕ್ಕೆ ಸಹಿ ಸರ್ಕಾರದ್ದೇ. ಐದು ವರ್ಷದ ಅವಧಿ, ಅದೇ ಹುದ್ದೆಗೆ ಮರುನೇಮಕ ಇಲ್ಲ. ಧೈರ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಬೇಕಿಲ್ಲ. ಧೈರ್ಯ ಮಾತ್ರ ಕಾಯ್ದೆಯಿಂದ ಬರುವುದಿಲ್ಲ.

ಧೈರ್ಯ ಸಾಲದಾದಾಗ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ತೆರೆಯುತ್ತದೆ. ಈ ವರ್ಷ ಏರಿಸಬೇಕಾದ ದರ ಏರಿಸದೆ, ಮುಂದೆ ನೋಡೋಣ ಎಂದು ಬರೆದಿಡುವ ಬಾಕಿಗೆ ‘ರೆಗ್ಯುಲೇಟರಿ ಅಸೆಟ್’ ಎಂದು ನಾಮಕರಣವಾಗಿದೆ. ಸಾಲವನ್ನು ಆಸ್ತಿ ಎಂದು ಕರೆಯುವ ಈ ಜಾಣತನಕ್ಕೆ ನಮ್ಮ ಊರಿನ ಶೆಟ್ಟರೂ ಬೆರಗಾಗಬೇಕು. ದೆಹಲಿಯಲ್ಲಿ ಇದು 27 ಸಾವಿರ ಕೋಟಿ ದಾಟಿತ್ತು, ತಮಿಳುನಾಡಿನದೂ ದೊಡ್ಡ ಖಾತೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಂತ್ರಕರ ಕಿವಿ ಹಿಂಡಿ, 2024ರ ಏಪ್ರಿಲ್‌ನಿಂದ ಲೆಕ್ಕ ಹಿಡಿದು ಗೊತ್ತಾದ ಗಡುವಿನೊಳಗೆ ಹಳೇ ಬಾಕಿಯೆಲ್ಲ ತೀರಿಸಿ ಎಂದಿತು. ತೀರಿಸುವವರು ಯಾರು ಎಂದು ಕೇಳಬೇಡಿ. ಉದ್ದರಿ ತಂದವನು ಅಪ್ಪ, ಕಟ್ಟುವವನು ಮಗ.

ಕರ್ನಾಟಕದಲ್ಲಿ 2023ರ ಮೇ 10ರಂದು ಮತದಾನ, 13ರಂದು ಎಣಿಕೆ. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿದ ಆದೇಶ ಬಂದದ್ದು 12ರಂದು. ಹೋಗುವ ಸರ್ಕಾರ ‘ನಮಗೆ ಸಂಬಂಧವಿಲ್ಲ’ ಅಂದಿತು, ಬಂದ ಸರ್ಕಾರ ‘ನಮಗಿಂತ ಮೊದಲೇ ಆದದ್ದು’ ಅಂದಿತು. ಎರಡೂ ನಿಜ. ಜೂನ್‌ನಲ್ಲಿ ಬಿಲ್ ನೋಡಿದ ವ್ಯಾಪಾರಿಗಳು, ಸಣ್ಣ ಕೈಗಾರಿಕೆಯವರು ಬೀದಿಗಿಳಿದರು. ಆಗಸ್ಟ್ ಹೊತ್ತಿಗೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲು ಮನೆಮನೆಗೆ ಬಂತು. ನನ್ನ ಮನೆಗೂ ಬರುತ್ತದೆ, ಮುಚ್ಚಿಡುವುದೇನು? ಸೊನ್ನೆ ಬರತೊಡಗಿದ ಮೇಲೆ ನಾನು ಬಿಲ್ ಓದುವುದನ್ನೇ ಬಿಟ್ಟೆ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿದ್ದು ನನಗೆ ಗೊತ್ತಾದದ್ದು ಪತ್ರಿಕೆಯಿಂದ, ಬಿಲ್ಲಿನಿಂದಲ್ಲ. ವಿಚಾರಣೆಯ ಹಾಲಿನಲ್ಲಿ ಹಿಂದಿನ ಕುರ್ಚಿಗಳು ಖಾಲಿ ಎಂದು ಮೇಲೆ ಬರೆದೆನಲ್ಲ, ಅವುಗಳಲ್ಲಿ ಒಂದು ನನ್ನದು.

ಹಾಗಂತ ಆಯೋಗವೇ ದಂಡ ಎನ್ನುವವರ ಜೊತೆ ನಾನಿಲ್ಲ. ಇಲ್ಲದಿದ್ದರೆ ಹೇಗಿರುತ್ತದೆ ಎನ್ನುವುದು ಬೆಂಗಳೂರಿಗರಿಗೆ 2025ರಲ್ಲಿ ಒಂದೇ ವರ್ಷಕ್ಕೆ ಚೆನ್ನಾಗಿ ಗೊತ್ತಾಯಿತು. ಜನವರಿಯಲ್ಲಿ ಬಸ್ ದರ ಶೇ 15 ಏರಿತು, ಸಂಪುಟ ಸಭೆ ಕೂತು ಎದ್ದಷ್ಟು ಹೊತ್ತಿನಲ್ಲಿ. ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ದರ ನಿಗದಿ ಸಮಿತಿ ಯಾವ ಲೆಕ್ಕ ಹಾಕಿತೆಂಬ ವರದಿ ಜನರ ಕಣ್ಣಿಗೆ ಬೀಳಲು ಹೈಕೋರ್ಟ್ ಮೆಟ್ಟಿಲು ಹತ್ತಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಏಪ್ರಿಲ್‌ನಲ್ಲಿ ಜಲಮಂಡಳಿಯ ನೀರಿನ ದರ, 2014ರ ನಂತರ ಮೊದಲ ಸಲ. ಹನ್ನೊಂದು ವರ್ಷ ಮುಟ್ಟದೆ ಇಡುವುದೂ ತಪ್ಪೇ, ಆಮೇಲೆ ಒಂದು ದಿನ ಎದ್ದು ಏರಿಸುವುದೂ ತಪ್ಪೇ. ಮಹಾರಾಷ್ಟ್ರ 2005ರಲ್ಲೇ ನೀರಿಗೊಂದು ನಿಯಂತ್ರಣ ಪ್ರಾಧಿಕಾರದ ಕಾನೂನು ಮಾಡಿತು. ಅದು ಎಷ್ಟು ಕೆಲಸ ಮಾಡಿದೆ ಎಂಬ ವಾದ ಇರಲಿ, ಜಗಳಕ್ಕೊಂದು ಜಾಗವಾದರೂ ಆಯಿತು. ಇವೆಲ್ಲದರ ಪಕ್ಕದಲ್ಲಿಟ್ಟರೆ, ಅರ್ಜಿ ಪ್ರಕಟಿಸಿ, ಆಕ್ಷೇಪಣೆ ಕರೆದು, ಕಾರಣ ಬರೆದು ಆದೇಶ ಕೊಡುವ ವಿದ್ಯುತ್ ಆಯೋಗ ಚಿನ್ನ.

ಚಿನ್ನ ನಿಜ, ಆದರೆ ಅದರ ಭಾಷೆ? ನೂರಾರು ಪುಟದ ದರ ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಆಕ್ಷೇಪಣೆ ಹಾಕಲು ಅಫಿಡವಿಟ್ ಬೇಕು. ತನ್ನ ಊರಿನ ಟಿಸಿಯ ಬಗ್ಗೆ ಎಲ್ಲ ಬಲ್ಲ ಮನುಷ್ಯ ನೋಟರಿಯ ಬಾಗಿಲಲ್ಲೇ ಅರ್ಧ ಸೋತಿರುತ್ತಾನೆ. ಚೆನ್ನೈ, ತಿರುವನಂತಪುರದಿಂದ ಬಂದವರೂ ತಮ್ಮ ತಮ್ಮ ಭಾಷೆಯಲ್ಲಿ ಇದನ್ನೇ ಕೇಳಿರುತ್ತಾರೆ ಎಂದುಕೊಳ್ಳುತ್ತೇನೆ.

ಇನ್ನು ನನ್ನ ಪುಟದ ಕೊನೆಯ ಭಾಗ, ಅಧಿಕಾರಿ ಮಿತ್ರರು ಕೆಂಪು ಶಾಯಿಯಲ್ಲಿ ಪೂರ್ತಿ ಹೊಡೆದುಹಾಕಿದ್ದು. ಸಮ್ಮೇಳನದ ಎರಡನೇ ದಿನ ಅತಿಥಿಗಳಿಗೆ ಪ್ರವಾಸ ಇದ್ದೇ ಇರುತ್ತದೆ. ಅರಮನೆ ಬೇಡ, ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿ ಎಂದು ಬರೆದಿದ್ದೆ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ದಾರಿಯ ಹಳ್ಳಿಗಳು ತಲೆಯ ಮೇಲೆ ಹಾದುಹೋದ ತಂತಿಯನ್ನು ನೋಡುತ್ತ ಎಷ್ಟೋ ಕಾಲ ಕತ್ತಲಲ್ಲೇ ಕೂತವು. ದೀಪದ ಬುಡ ಕತ್ತಲು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಸಿಗಲಾರದು.

ವಾಪಸು ಬರುವಾಗ ಯಾವುದಾದರೂ ಒಂದು ಸೆಕ್ಷನ್ ಆಫೀಸಿನ ಮುಂದೆ ಬಸ್ ನಿಲ್ಲಿಸಿ. ಕರ್ನಾಟಕ ಆಯೋಗದ್ದೇ ನಿಯಮಾವಳಿ ಇದೆ, 2004ರದ್ದು: ಫ್ಯೂಸ್ ಹೋದರೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆಯೊಳಗೆ ಸರಿ ಮಾಡಬೇಕು. ಟಿಸಿ ಸುಟ್ಟರೆ ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72 ಗಂಟೆ. ತಪ್ಪಿದರೆ ಗ್ರಾಹಕನಿಗೆ 50 ರೂಪಾಯಿ ಪರಿಹಾರ ಎಂದು ಅವತ್ತು ಬರೆದಿತ್ತು. ದೂರದಿಂದಲೇ ಪತ್ತೆಯಾಗುವ ಲೋಪಕ್ಕೆ ಗ್ರಾಹಕ ಕೇಳದೆಯೇ ಪರಿಹಾರ ಹೋಗಬೇಕು ಎಂದು 2020ರ ಕೇಂದ್ರದ ನಿಯಮವೂ ಹೇಳಿತು. ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಈ ಪರಿಹಾರವನ್ನು ಇಲ್ಲಿಯ ತನಕ ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ರಿಜಿಸ್ಟರ್ ತೋರಿಸಿ.

ಬೆಳಿಗ್ಗೆ ಹತ್ತೂವರೆಯೊಳಗೆ ಹೋದರೆ ಒಳ್ಳೆಯದು. ಆಮೇಲೆ ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ, ಎಲ್ಲರೂ ಕಂಬದ ಮೇಲಿರುತ್ತಾರೆ.